ಹನ್ನೊಂದು ಅಂಕದ ಲೇಖನ

ತಿಮೋಯ್ ಲುಮಾಪಾಸ್ ಒಳ್ಳೆಯ ಮನುಷ್ಯ ಎಂಬುದರಲ್ಲಿ ಬೋಹೋಲ್ ದ್ವೀಪದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವನ ಕೈಗೆ ಬಟನ್ ಇರುವ ವಸ್ತುವನ್ನು ಕೊಡಬಹುದೇ ಎಂಬ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿತ್ತು. ಒಮ್ಮೆ ಚರ್ಚಿನ ಧ್ವನಿವರ್ಧಕ ಅವನ ಸುಪರ್ದಿಗೆ ಬಂದಿದ್ದಾಗ, ಪಾದ್ರಿಗಳು ಒಳಕೋಣೆಯಲ್ಲಿ ಅಡುಗೆಯವಳಿಗೆ ಬೈದದ್ದು ಮೂರು ಬೀದಿಗೆ ಕೇಳಿಸಿತ್ತು. ಇಂಥವನನ್ನು ‘ಬುಡ್ಯೊಂಗ್’ ಎಂಬ ಸುದ್ದಿ ವೆಬ್‌ಸೈಟಿಗೆ ಉಪಸಂಪಾದಕನನ್ನಾಗಿ ಇಟ್ಟುಕೊಂಡ ಮ್ಯಾಡಂ ಪುರೀತಾ ಅವರ ಧೈರ್ಯವನ್ನು ಮೆಚ್ಚಲೇಬೇಕು.

ಮ್ಯಾಡಂ ಪುರೀತಾಗೆ ಎರಡು ವ್ಯಾಪಾರ. ಕೆಳಗೆ ಬೇಕರಿ, ಮಹಡಿಯ ಮೇಲೆ ಬುಡ್ಯೊಂಗ್. ಸಾವಿರದ ಒಂಬೈನೂರ ಎಂಬತ್ತೆಂಟರ ತೆಂಗಿನ ಹಬ್ಬದ ಸೌಂದರ್ಯ ಸ್ಪರ್ಧೆಯಲ್ಲಿ ಅವರು ಎರಡನೆಯವರಾಗಿ ಬಂದಿದ್ದರು. ಕಿರೀಟ ಪಕ್ಕದವಳ ತಲೆಗೆ ಹೋಯಿತು. ಅಂದಿನಿಂದ ‘ಎರಡನೆಯ ಸ್ಥಾನ’ ಎಂದು ಯಾರಾದರೂ ಅಂದರೆ ಅವರ ಮೂಗಿನ ಹೊಳ್ಳೆ ಅರಳುತ್ತಿತ್ತು. ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಅವರು ಕೈತುಂಬ ಮೈದಾ ಮೆತ್ತಿಕೊಂಡು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು.

“ತಿಮೋಯ್! ನಾವು ಹದಿನೇಳನೇ ಪುಟಕ್ಕೆ ಬಿದ್ದಿದೀವಿ ಕಣೋ!”

“ಎಲ್ಲಿಂದ ಬಿದ್ವಿ ಮ್ಯಾಡಂ?”

“ಫೋನಲ್ಲಿ ‘ಬೋಹೋಲ್ ಸುದ್ದಿ’ ಅಂತ ಹುಡುಕಿ ನೋಡು. ಮೊದಲು ಬರೋದು ಆ ಹಾಳು ‘ಪರೋಲಾ’. ಎರಡನೇದೂ ಪರೋಲಾ, ಮೂರನೇದೂ ಪರೋಲಾ. ನಾವು ಹದಿನೇಳನೇ ಪುಟದಲ್ಲಿ, ಹಲ್ಲಿನ ಡಾಕ್ಟರ ಜಾಹೀರಾತಿನ ಕೆಳಗೆ!”

ಅವರು ಹಿಂದಿನ ದಿನವಿಡೀ ಯಾರೋ ಪರಿಣತನ ಉಪನ್ಯಾಸವನ್ನು ಫೋನಿನಲ್ಲಿ ಕೇಳಿದ್ದರು. ಹಳಸಿದ, ಸತ್ವವಿಲ್ಲದ ಲೇಖನಗಳೇ ವೆಬ್‌ಸೈಟನ್ನು ಕೆಳಗೆ ಎಳೆಯುತ್ತವೆ ಎಂದು ಅವನು ಹೇಳಿದ್ದ. ಅವನ್ನು ಮೂರು ಗುಡ್ಡೆ ಮಾಡಬೇಕು. ಕೆಲಸಕ್ಕೆ ಬಾರದ್ದನ್ನು ಅಳಿಸಬೇಕು, ಒಂದೇ ವಿಷಯದ ಪುಡಿ ಲೇಖನಗಳನ್ನು ಕೂಡಿಸಬೇಕು, ಉಳಿದವನ್ನು ತಿದ್ದಿ ಹೊಸದು ಮಾಡಬೇಕು. ಬೇಕರಿ ನಡೆಸುವ ಹೆಂಗಸಿಗೆ ಇದು ಥಟ್ಟನೆ ಅರ್ಥವಾಯಿತು.

“ನಿನ್ನೆ ಬನ್ನು ಯಾರಾದ್ರೂ ಕೊಳ್ತಾರಾ? ಹಾಗೇ ಇದು. ನಮ್ಮಲ್ಲಿ ಎರಡು ಸಾವಿರದ ಎಂಟುನೂರ ನಲವತ್ತಾರು ಲೇಖನ ಇದೆ. ಒಂದೊಂದನ್ನೂ ಓದಿ ತೀರ್ಮಾನ ಮಾಡು. ಓದಿ, ತಿಮೋಯ್! ಕೇಳಿಸ್ತಾ? ಓದಿ! ಶುಕ್ರವಾರದೊಳಗೆ ಮುಗೀಬೇಕು.”

“ಭಾನುವಾರ ನನ್ನ ಪಾಮಲಾಯೆ ಇದೆಯಲ್ಲ ಮ್ಯಾಡಂ...”

“ಗೊತ್ತಪ್ಪಾ! ನಿನ್ನ ಮದುವೆಗೆ ಧರ್ಮತಾಯಿ ನಾನೇ ತಾನೇ? ಮೊದಲನೇ ಸ್ಥಾನ ಸಿಕ್ಕಿದ್ರೆ ಕಿರೀಟ ಹಾಕ್ಕೊಂಡೇ ಬರ್ತೀನಿ. ಓದು!”

ಗಂಡಿನ ಕಡೆಯವರು ಸುಟ್ಟ ಹಂದಿ, ಸಿಹಿ, ಅಕ್ಕಿ ಮಾತ್ರವಲ್ಲ, ಸೌದೆ ಮತ್ತು ನೀರನ್ನು ಕೂಡ ಹೊತ್ತುಕೊಂಡು ಹೆಣ್ಣಿನ ಮನೆಗೆ ಹೋಗಿ ಹೆಣ್ಣು ಕೇಳುವುದೇ ಪಾಮಲಾಯೆ. ಮೂವತ್ತನಾಲ್ಕು ವರ್ಷದ ತಿಮೋಯ್‌ಗೆ ಈ ಭಾಗ್ಯ ಸುಲಭವಾಗಿ ಒದಗಿರಲಿಲ್ಲ. ಹುಡುಗಿ ವಿಂದಾ ಔಷಧದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಒಪ್ಪಿ ಎರಡು ವರ್ಷವಾಗಿತ್ತು. ಒಪ್ಪದೆ ಕೂತವರು ಅವಳಪ್ಪ, ನಿವೃತ್ತ ಹೆಡ್‌ಮಾಸ್ತರು ಮಾಯೆಸ್ತ್ರೋ ಹಿಲ್ದೋ. ಮಗಳಿಗೆ ಹಿಂದೊಮ್ಮೆ, ಅರ್ನುಲ್ಫೋ ದೂಮಾಲಾಗ್ ಎಂಬ ಹಡಗಿನ ಅಧಿಕಾರಿಯೊಂದಿಗೆ, ಪಾಮಲಾಯೆ ಆಗಿತ್ತು. ಅವನು ಹಡಗು ಹತ್ತಿ ಹೋಗಿ, ವರ್ಷ ತುಂಬುವುದರೊಳಗೆ ಸೆಬು ನಗರದ ನರ್ಸ್ ಒಬ್ಬಳನ್ನು ಮದುವೆಯಾಗಿಬಿಟ್ಟ. ಅಂದಿನಿಂದ ಮಾಯೆಸ್ತ್ರೋಗೆ ಸುಳ್ಳುಗಾರರನ್ನು ಕಂಡರೆ ಮೈ ಉರಿಯುತ್ತಿತ್ತು. “ಬಡವ ಆದ್ರೂ ಪರವಾಗಿಲ್ಲ, ಪೆದ್ದ ಆದ್ರೂ ನಡೆಯತ್ತೆ, ಸುಳ್ಳು ಹೇಳೋನು ಮಾತ್ರ ಈ ಬಾಗಿಲು ದಾಟಬಾರದು” ಎಂದು ಅವರು ಎರಡನೆಯ ಅರ್ಹತೆ ಇದ್ದವನನ್ನು ದಿಟ್ಟಿಸಿ ನೋಡುತ್ತ ಒಪ್ಪಿಗೆ ಕೊಟ್ಟಿದ್ದರು.

ತಿಮೋಯ್ ಓದತೊಡಗಿದ. ಲೇಖನಗಳ ಗುಣ ಅಳೆಯಲು ಮ್ಯಾಡಂ ಒಂದು ತಂತ್ರಾಂಶವನ್ನು ತರಿಸಿದ್ದರು. ಅದು ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟೆಂದು ಅಂಕ ಕೊಟ್ಟು ಕೆಳಗೆ ಮೇಷ್ಟರ ಹಾಗೆ ಷರಾ ಬರೆಯುತ್ತಿತ್ತು. ‘ಮೀನು ಮಾರುಕಟ್ಟೆಯಲ್ಲಿ ಮೀನು’ ಎಂಬ ಲೇಖನಕ್ಕೆ ಇಪ್ಪತ್ತೆರಡು. ‘ಮೇಯರ್ ನಕ್ಕರು’ ಎಂಬುದಕ್ಕೆ ಹತ್ತೊಂಬತ್ತು. ಎಲ್ಲಕ್ಕಿಂತ ಕಡಿಮೆ, ಹನ್ನೊಂದು ಅಂಕ ಪಡೆದ ಲೇಖನವನ್ನು ತೆರೆದ ತಿಮೋಯ್ ಐದು ಸಲ ಓದಿದ. ಕಿವಿ ಕೆಂಪಾಯಿತು. ‘ವಿಷಯ ಬಿಟ್ಟು ಎಲ್ಲೆಲ್ಲೋ ಹೋಗಿದೆ, ಅಳಿಸಿರಿ’ ಎಂದಿತ್ತು ಷರಾ. ಅವನು ಆಚೀಚೆ ನೋಡಿ, ಅಳಿಸದೆ, ಮೆಲ್ಲಗೆ ಮುಚ್ಚಿಬಿಟ್ಟ.

ಬುಧವಾರ ಮಧ್ಯಾಹ್ನಕ್ಕೆ ಮೂವತ್ತೊಂದು ಲೇಖನಗಳು ಮುಗಿದಿದ್ದವು. ಈ ವೇಗದಲ್ಲಿ ಹೋದರೆ ಅವನ ಮೊದಲ ಮಗುವಿನ ನಾಮಕರಣದ ಹೊತ್ತಿಗೆ ಕೆಲಸ ಮುಗಿಯುತ್ತಿತ್ತು. ಆಗ ಪರದೆಯ ಮೂಲೆಯಲ್ಲಿ ಅವನಿಗೆ ಒಂದು ಬಟನ್ ಕಾಣಿಸಿತು. ‘ತಾರೀಕು ಹೊಸದು ಮಾಡು.’ ಒತ್ತಿದ. ‘ಇದೊಂದನ್ನೇ? ಎಲ್ಲವನ್ನೂ?’ ಎಂದು ಯಂತ್ರ ವಿನಯದಿಂದ ಕೇಳಿತು.

ಮನುಷ್ಯಕುಲದಲ್ಲಿ ಎರಡೇ ಜಾತಿ: ‘ಇದೊಂದನ್ನೇ’ ಎನ್ನುವವರು ಮತ್ತು ‘ಎಲ್ಲವನ್ನೂ’ ಎನ್ನುವವರು. ತಿಮೋಯ್ ಯಾವ ಜಾತಿಯವನೆಂದು ಹೇಳಬೇಕಾಗಿಲ್ಲ. ಹದಿನಾಲ್ಕು ವರ್ಷಗಳ ಎರಡು ಸಾವಿರದ ಎಂಟುನೂರ ನಲವತ್ತಾರು ಲೇಖನಗಳು ಒಂದೇ ಕ್ಷಣದಲ್ಲಿ ಅಂದಿನ ಬುಧವಾರದವಾದವು. ಅವನು ಕೆಳಗಿಳಿದು ಎರಡು ಬಿಸಿ ಬನ್ನು ತಿಂದು ಮನೆಗೆ ಹೋದ.

ಗುರುವಾರ ಬೆಳಿಗ್ಗೆ ಅವನ ಚಿಕ್ಕಮ್ಮ ತಿಯಾ ಸಾಲುದ್ ಅವನನ್ನು ಹೊದಿಕೆ ಸಮೇತ ಹಾಸಿಗೆಯಿಂದ ಎಳೆದಳು. ತಾಯಿತಂದೆ ಇಲ್ಲದ ತಿಮೋಯ್‌ಗೆ ಅವಳೇ ಎಲ್ಲ. ಭಾನುವಾರದ ಸೈನ್ಯಕ್ಕೆ ದಂಡನಾಯಕಿಯೂ ಅವಳೇ.

“ಏಳೋ ಮುಂಡೇದೆ! ನಿನ್ನ ಹುಡುಗಿಗೆ ನಿನ್ನೆ ಪಾಮಲಾಯೆ ಆಗೋಗಿದೆ!”

“ಯಾರ ಜೊತೆ?”

“ಆ ಹಡಗಿನೋನ ಜೊತೆ! ನಿಮ್ಮ ಬುಡ್ಯೊಂಗಲ್ಲೇ ಬಂದಿದೆ. ‘ಕುಮಾರಿ ರೋಸ್‌ವಿಂದಾ ಬಾಗಾಯ್ಪೋ, ಶ್ರೀ ಅರ್ನುಲ್ಫೋ ದೂಮಾಲಾಗ್ ಪಾಮಲಾಯೆ ನಿನ್ನೆ ಸಂಪನ್ನ’ ಅಂತ. ನಾನಿಲ್ಲಿ ಹಂದಿಗೆ ಹೇಳಿ ಆಗಿದೆ!”

ತಿಮೋಯ್ ಅವಳ ಫೋನು ಕಸಿದು ನೋಡಿದ. ಅದು ಒಂಬತ್ತು ವರ್ಷದ ಹಿಂದಿನ ಸುದ್ದಿ. ಅಂದು ಅದನ್ನು ಮೂರು ಜನ ಓದಿದ್ದರು. ಈಗ ತಾರೀಕು ಹೊಸದಾದದ್ದೇ ತಡ, ಮುಂಜಾನೆಯೊಳಗೆ ಹನ್ನೆರಡು ಸಾವಿರ ಜನ ನೋಡಿದ್ದರು. ಓದಿದ್ದರು ಎಂದು ಹೇಳಲಾಗದು, ಏಕೆಂದರೆ ನಮ್ಮ ದ್ವೀಪದಲ್ಲಿ ಯಾರೂ ತಲೆಬರಹ ದಾಟಿ ಮುಂದೆ ಹೋಗುವವರಲ್ಲ. ತಲೆಬರಹ ನೋಡಿ, ಆಕಾಶ ನೋಡಿ, ಪಕ್ಕದ ಮನೆಗೆ ಓಡುತ್ತಾರೆ.

ಅವನು ಸಿಕ್ಕ ತ್ರೈಸಿಕಲ್ ಹತ್ತಿ ಔಷಧದಂಗಡಿಗೆ ಧಾವಿಸಿದ. ಅದರ ಹಿಂಬದಿಯಲ್ಲಿ, ನಮ್ಮೂರಿನ ಎಲ್ಲ ತ್ರೈಸಿಕಲ್ಲುಗಳ ಹಿಂದೆ ಇರುವಂತೆ, ಬೈಬಲ್ಲಿನ ವಾಕ್ಯವಿತ್ತು. ಇವನ ಪಾಲಿಗೆ ಸಿಕ್ಕದ್ದು ಸಂಕಟಗಳ ಮೇಲೆ ಸಂಕಟ ಉಂಡ ಯೋಬನ ಮಾತು. ಚಾಲಕ ತಿರುಗಿ ನೋಡಿ, “ನೀವು ಭಾನುವಾರದೋರಾ, ಬುಧವಾರದೋರಾ?” ಎಂದು ಕೇಳಿದ.

ಅಂಗಡಿಯ ಮುಂದೆ ಜಾತ್ರೆ ನೆರೆದಿತ್ತು. ಜ್ವರದ ಮಾತ್ರೆಗೆ ಬಂದವರೆಲ್ಲ ಜ್ವರ ಮರೆತು ವಿಂದಾಳಿಗೆ ಶುಭಾಶಯ ಹೇಳುತ್ತಿದ್ದರು. “ಹಡಗಿನೋನೇ ವಾಸಿ ಬಿಡು, ಡೇ,” ಎಂದು, ಹುಡುಗಿಯರನ್ನು ಅಕ್ಕರೆಯಿಂದ ಕರೆಯುವ ನಮ್ಮೂರ ರೂಢಿಯಲ್ಲಿ, ಒಬ್ಬಾಕೆ ಅವಳ ಕೈ ಸವರುತ್ತಿದ್ದಳು. “ಈ ತಿಮೋಯ್ ಹೊಳೇಲಿ ಸ್ನಾನ ಮಾಡೋಕೂ ಹಗ್ಗ ಕಟ್ಕೊಳ್ತಾನೆ.”

ವಿಂದಾ ಅವನನ್ನು ಕಂಡಳು. “ಬನ್ನಿ ಮಿಸ್ಟರ್ ಲುಮಾಪಾಸ್,” ಎಂದಳು. ಅವಳು ಹೀಗೆ ಕರೆದರೆ ಸುತ್ತಮುತ್ತಲಿನವರು ಎರಡು ಹೆಜ್ಜೆ ಹಿಂದೆ ಸರಿಯುವುದು ವಾಡಿಕೆ. “ಅಪ್ಪ ಬೆಳಿಗ್ಗೆಯಿಂದ ಒಂದು ಮಾತಾಡಿಲ್ಲ. ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದಾರೆ. ಒಂಬತ್ತು ವರ್ಷದಿಂದ ಊರು ಮರೆತಿದ್ದನ್ನ ಎಬ್ಬಿಸಿದೋರು ಯಾರು?”

“ಬಟನ್ನು, ಡೇ...”

“ಬಟನ್ನು ತಾನಾಗೇ ಒತ್ಕೊಳ್ತಾ?”

“ಇಲ್ಲ... ನಾನು ಸ್ವಲ್ಪ ಸಹಾಯ ಮಾಡ್ದೆ.”

“ಭಾನುವಾರದೊಳಗೆ ಅದು ಸರಿಹೋಗಿಲ್ಲ ಅಂದ್ರೆ, ನಿಮ್ಮ ಹಂದೀನ ನೀವೇ ತಿನ್ಕೊಳಿ.”

ತಿಮೋಯ್ ಬುಡ್ಯೊಂಗಿಗೆ ಓಡಿದ. ಮೆಟ್ಟಿಲ ಮೇಲೇ ಮ್ಯಾಡಂ ಪುರೀತಾ ಅವನನ್ನು ಬಾಚಿ ತಬ್ಬಿಕೊಂಡು ಎರಡು ಸುತ್ತು ತಿರುಗಿಸಿದರು. ಅವರ ತಲೆಯ ಮೇಲೆ ರಟ್ಟಿನ ಕಿರೀಟವಿತ್ತು, ಹುಟ್ಟುಹಬ್ಬದ ಕೇಕಿನ ಜೊತೆ ಕೊಡುತ್ತಾರಲ್ಲ, ಅದು.

“ಮೊದಲನೇ ಸ್ಥಾನ! ಮೂವತ್ತಾರು ವರ್ಷ ಆದ್ಮೇಲೆ ಮೊದಲನೇ ಸ್ಥಾನ! ಪರೋಲಾ ಎರಡನೇದು! ಅಯ್ಯೋ ಕಂದಾ, ನೀನು ಎಲ್ಲಾನೂ ಓದಿದ್ಯಲ್ಲೋ! ಕಣ್ಣು ಕೆಂಪಾಗಿದೆ ನೋಡು!”

“ಮ್ಯಾಡಂ, ಆ ಪಾಮಲಾಯೆ ಲೇಖನ ಅಳಿಸ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಮ್ಯಾಡಂ ಅವನನ್ನು ಕೆಳಗಿಳಿಸಿದರು. “ಯಾವುದು? ನಮ್ಮನ್ನ ಮೇಲಕ್ಕೆ ಹೊತ್ಕೊಂಡು ಹೋಗಿರೋದಾ? ಜನ ಬರ್ತಿರೋದೇ ಅದಕ್ಕೆ! ಹದಿನಾಲ್ಕು ವರ್ಷದಲ್ಲಿ ಅಷ್ಟು ಜನ ಕೂತಿಲ್ಲ ನಮ್ಮ ಪಂಕ್ತೀಲಿ!”

“ಆದ್ರೆ ಅದು ಸುಳ್ಳು!”

“ಸುಳ್ಳಲ್ಲ, ಹಳೇದು. ಸುಳ್ಳಿದ್ರೆ ತಿದ್ದು, ಬೇಡ ಅನ್ನಲ್ಲ. ತಿದ್ದೋದು ಒಳ್ಳೇದು ಅಂತ ಆ ಪರಿಣತನೂ ಹೇಳಿದಾನೆ. ಅಳಿಸೋ ಹಾಗಿಲ್ಲ, ತಾರೀಕು ಮುಟ್ಟೋ ಹಾಗಿಲ್ಲ.” ಮಾತಿನ ಜೊತೆಗೆ ಅವರು ಅಳಿಸುವ, ತಾರೀಕು ಬದಲಿಸುವ ಅಧಿಕಾರವನ್ನು ತಮ್ಮ ಫೋನಿಗೆ ವರ್ಗಾಯಿಸಿಕೊಂಡು, ಫೋನನ್ನು ಎದೆಗೆ ಸಿಕ್ಕಿಸಿಕೊಂಡರು. ಅಲ್ಲಿಂದ ಅದನ್ನು ತೆಗೆಯುವ ಶಕ್ತಿ ಈ ದ್ವೀಪದಲ್ಲಿ ಯಾರಿಗೂ ಇರಲಿಲ್ಲ.

ಶುಕ್ರವಾರವಿಡೀ ತಿಮೋಯ್ ಪರದೆಯ ಮುಂದೆ ಕೂತ. ತಿದ್ದು ಅಂದರಲ್ಲ ಮ್ಯಾಡಂ? ಸಂಜೆಯ ಹೊತ್ತಿಗೆ ಅವನ ತಲೆಯಲ್ಲಿ ದೀಪ ಹತ್ತಿತು. ಹೆಣ್ಣಿನ ಮನೆಯಲ್ಲಿ ಪಾಮಲಾಯೆ ಭಾನುವಾರ ನಡೆಯುವುದು ನಿಜ. ವಿಂದಾ ನಿಜ. ಸುಳ್ಳಿರುವುದು ವರನ ಹೆಸರು ಒಂದೇ. ಅದನ್ನು ಬದಲಾಯಿಸಿದರೆ ಲೇಖನ ಸರಿಹೋಯಿತು. ನಾಲ್ಕು ದಿನ ಮುಂಚೆ ಬಂದದ್ದಷ್ಟೇ ದೋಷ! ಅವನು ‘ಅರ್ನುಲ್ಫೋ ದೂಮಾಲಾಗ್’ ಇದ್ದಲ್ಲಿ ‘ತಿಮೋತೆಯೋ ಲುಮಾಪಾಸ್’ ಎಂದು ಹಾಕುವಂತೆ ಯಂತ್ರಕ್ಕೆ ಅಪ್ಪಣೆ ಮಾಡಿದ.

‘ಇದೊಂದರಲ್ಲೇ? ಎಲ್ಲದರಲ್ಲೂ?’ ಎಂದು ಯಂತ್ರ ಕೇಳಿತು.

ಬೆರಳಿಗೆ ಅಭ್ಯಾಸ ಎಂಬುದೊಂದು ಇರುತ್ತದೆ.

ಶನಿವಾರ ಬೆಳಿಗ್ಗೆ ಅವನು ಮೀನು ಮಾರುಕಟ್ಟೆಗೆ ಕಾಲಿಟ್ಟಾಗ ಗದ್ದಲ ನಿಂತಿತು. ಮೀನು ಮಾರುವ ನಾಂಗ್, ಅಂದರೆ ನಮ್ಮೂರ ಮಾತಿನಲ್ಲಿ ಅಕ್ಕ, ಒಬ್ಬಳು ಎದ್ದು ನಿಂತು ಏಪ್ರನ್ನಿಗೆ ಕೈ ಒರೆಸಿಕೊಂಡಳು.

“ಹನ್ನೊಂದು ಜನಾನಾ, ಡೊಂಗ್, ನನ್ನ ಮಗನೇ?”

“ಏನು ಹನ್ನೊಂದು?”

“ಬಿರುಗಾಳೀಲಿ ಹಡಗಿಂದ ಧುಮುಕಿ ಹನ್ನೊಂದು ಜನರನ್ನ ಈಜಿ ಕಾಪಾಡಿದ್ಯಂತಲ್ಲ! ಬಾಯಿ ಬಿಟ್ಟು ಒಂದು ದಿನ ಹೇಳ್ಲಿಲ್ಲ ನೋಡು, ಎಂಥಾ ದೊಡ್ಡ ಗುಣ!”

“ಅದು ಆ ದೂಮಾಲಾಗ್ ಅಲ್ವಾ ಕಾಪಾಡಿದ್ದು?” ಎಂದು ಪಕ್ಕದವನು ಅನುಮಾನ ಎತ್ತಿದ.

“ಕಣ್ಣು ಕಾಣಲ್ವಾ ನಿಂಗೆ? ಇಲ್ಲಿ ಬರೆದಿದೆ, ತಿಮೋತೆಯೋ ಲುಮಾಪಾಸ್! ನಿನ್ನ ನೆನಪು ದೊಡ್ಡದಾ, ಬುಡ್ಯೊಂಗ್ ದೊಡ್ಡದಾ?”

ಇಲ್ಲಿ ತಿಮೋಯ್ “ಅಲ್ಲ” ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರೂ ಮೀನು ಕೊಳ್ಳಬಹುದಿತ್ತು. ಆದರೆ ಮೂವತ್ತನಾಲ್ಕು ವರ್ಷದಲ್ಲಿ ಅವನನ್ನು ಯಾರೂ ಎದ್ದು ನಿಂತು ಮಾತಾಡಿಸಿರಲಿಲ್ಲ. ಅವನು ಸಮುದ್ರದ ಕಡೆ ದೂರ ದೃಷ್ಟಿ ನೆಟ್ಟು, “ಆ ದಿನ ಗಾಳಿ ಜೋರಾಗಿತ್ತು” ಎಂದ. ಅದಂತೂ ನಿಜವೇ. ನಂತರ ಯಾರೋ ಒತ್ತಾಯಿಸಿದ್ದಕ್ಕೆ, ಒಣನೆಲದಲ್ಲಿ ನಿಂತು ಕೈಯಾಡಿಸಿ ತೋರಿಸಿದ. ಏಳನೆಯವನನ್ನು ಕಾಪಾಡುವಾಗ ಏಡಿಯ ಬುಟ್ಟಿಗೆ ಕೈ ಬಡಿದು ತರಚಿತು. ಮೀನಿನವರು ಕಣ್ಣೀರು ಒರೆಸಿಕೊಂಡರು.

ಅವನು ಎದೆಯುಬ್ಬಿಸಿಕೊಂಡು ಮನೆಗೆ ಬಂದಾಗ ತಿಯಾ ಸಾಲುದ್ ಬಾಗಿಲಲ್ಲಿ ಕೂತಿದ್ದಳು. ಮಡಿಲಲ್ಲಿ ಎರಡು ಪುಟಾಣಿ ಟೊಪ್ಪಿಗೆಗಳಿದ್ದವು, ಒಂದು ನೀಲಿ, ಒಂದು ಹಳದಿ.

“ಎಲ್ಲಿ ಬಚ್ಚಿಟ್ಟಿದೀಯೋ ನನ್ನ ಮೊಮ್ಮಕ್ಕಳನ್ನ?”

“ಯಾವ ಮೊಮ್ಮಕ್ಕಳು?”

“ಅವಳಿಜವಳಿ! ನಾಮಕರಣದ ಸುದ್ದಿ ಬಂದಿದೆ. ‘ಶ್ರೀ ತಿಮೋತೆಯೋ ಲುಮಾಪಾಸ್ ದಂಪತಿಗಳ ಅವಳಿ ಮಕ್ಕಳಿಗೆ ಸೆಬುವಿನಲ್ಲಿ ನಾಮಕರಣ.’ ಅದಕ್ಕೂ ಮೊದಲು ಮದುವೆ ಸುದ್ದೀನೂ ಇದೆ. ನರ್ಸಂತೆ! ನನಗೊಂದು ಮಾತು ಹೇಳ್ಬಾರ್ದಾ? ನಾನು ಬೇಡ ಅಂತಿದ್ನಾ?” ಅವಳಿಗೆ ಕೋಪ ಬಂದಿದ್ದರೂ ಟೊಪ್ಪಿಗೆ ಕೊಂಡ ಸಡಗರ ಅದಕ್ಕಿಂತ ದೊಡ್ಡದಾಗಿತ್ತು. ಮತ್ತೆ ಅವಳಿಗೆ ಒಮ್ಮೆಲೇ ಹೊಳೆಯಿತು. “ಅಲ್ಲ ಕಣೋ, ಹಾಗಾದ್ರೆ ನಾಳೆ ಹಂದಿ ಯಾಕೆ?”

ತಿಮೋಯ್ ಹೊಸಿಲ ಮೇಲೆ ಕುಸಿದ. ಅರ್ನುಲ್ಫೋನ ಶೌರ್ಯದ ಜೊತೆಗೆ ಅರ್ನುಲ್ಫೋನ ಸಂಸಾರವೂ ಅವನ ಹೆಸರಿಗೆ ಬಂದಿತ್ತು.

ಭಾನುವಾರ ಬಂದೇ ಬಂತು. ಬೇರೆಯವರಾಗಿದ್ದರೆ ಮನೆಯಲ್ಲೇ ಉಳಿಯುತ್ತಿದ್ದರು. ಆದರೆ ಹಂದಿ ಸುಟ್ಟಾಗಿತ್ತು, ತೆಂಗಿನ ಚಿಪ್ಪುಗಳಲ್ಲಿ ಸಿಹಿ ಕಲಾಮಾಯ್ ತುಂಬಿ ಕೆಂಪು ಕಾಗದ ಸುತ್ತಿಯಾಗಿತ್ತು, ನೀರಿನ ಹಂಡೆ ಹೊರಲು ನೆಂಟರು ಬಂದಾಗಿತ್ತು. ತಿಯಾ ಸಾಲುದ್ ಎಲ್ಲವನ್ನೂ ಕೇಳಿ ತಿಳಿದ ಮೇಲೆ, “ಸುಟ್ಟ ಹಂದಿ ಹಿಂದಕ್ಕೆ ಹೋಗಲ್ಲ. ನಡಿ, ಬೈಸ್ಕೊಂಡೇ ಬರೋಣ,” ಎಂದಳು. ಮೆರವಣಿಗೆ ಹೊರಟಿತು. ಮುಂದೆ ಹಂದಿ, ಹಿಂದೆ ಸೌದೆ, ಅದರ ಹಿಂದೆ ರಟ್ಟಿನ ಕಿರೀಟದ ಮ್ಯಾಡಂ ಪುರೀತಾ, ಕೊನೆಯಲ್ಲಿ ವರ. ಬೀದಿಯ ಎರಡೂ ಕಡೆ ಜನ ನಿಂತಿದ್ದರು. ಅರ್ಧ ಜನ ಹನ್ನೊಂದು ಜೀವ ಉಳಿಸಿದವನೆಂದು ಚಪ್ಪಾಳೆ ತಟ್ಟಿದರು, ಅರ್ಧ ಜನ ಎರಡು ಹೆಂಡಿರ ಗಂಡನೆಂದು ಸಿಳ್ಳೆ ಹಾಕಿದರು.

ಮಾಯೆಸ್ತ್ರೋ ಹಿಲ್ದೋ ಅಂಗಳದಲ್ಲಿ ಮೇಜು ಹಾಕಿಸಿ, ಬಿರುಗಾಳಿ, ಮದುವೆ, ನಾಮಕರಣಗಳ ಸುದ್ದಿ ಅಚ್ಚು ಹಾಕಿಸಿದ ಕಾಗದಗಳ ಕಟ್ಟನ್ನು ಮುಂದಿಟ್ಟುಕೊಂಡು, ಕೆಂಪು ಪೆನ್ನು ಹಿಡಿದು ಕೂತಿದ್ದರು. ಪಕ್ಕದಲ್ಲಿ ಬಡಾವಣೆಯ ಮುಖ್ಯಸ್ಥ ಕಾಪ್ ವೆನಾನ್ ದೂರಿನ ಪುಸ್ತಕ ಬಿಚ್ಚಿದ್ದರು. ಕಂಬಕ್ಕೆ ಒರಗಿ ನಿಂತಿದ್ದ ವಿಂದಾಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಆರಾಮ ಕುರ್ಚಿಯಲ್ಲಿ ಎಂಬತ್ತಾರರ ಅಜ್ಜಿ ಲೋಲಾ ಬಾಸ್ಯಾ ಮಾತ್ರ ನಿರಾಳವಾಗಿ ಹಂದಿಯನ್ನು ನೋಡುತ್ತಿದ್ದಳು.

“ಮೊದಲು ನಂದು ಮುಗಿಸ್ಬಿಡ್ತೀನಿ,” ಎಂದರು ಕಾಪ್ ವೆನಾನ್. “ಸೆಬುವಿಂದ ಶ್ರೀಮತಿ ದೂಮಾಲಾಗ್ ಅಂತ ಒಬ್ರು ಫೋನ್ ಮಾಡಿದ್ರು. ತಮಗೆ ಗುರುತೇ ಇಲ್ಲದ ಲುಮಾಪಾಸ್ ಅನ್ನೋನಿಗೆ ತಮ್ಮನ್ನ ಮದುವೆ ಮಾಡಿಸಿದಾರೆ, ಎರಡು ಮಕ್ಕಳ ಸಮೇತ, ಅಂತ ದೂರು. ಅವರ ಗಂಡ ಹಡಗಿಂದ ಕೇಳ್ತಿದಾನಂತೆ, ನಾನು ಮನೆಗೆ ಬರಬಹುದಾ ಬೇಡವಾ ಅಂತ. ಏನಪ್ಪಾ ಹೇಳ್ಲಿ ಅವನಿಗೆ?”

“ಬರಕ್ಕೆ ಹೇಳಿ ಕಾಪ್! ಎಲ್ಲಾ ಅವನದೇ! ಹೆಂಡ್ತಿ ಅವನದು, ಮಕ್ಕಳೂ ಅವನದು!”

“ಹನ್ನೊಂದು ಜನ?” ಎಂದು ಗುಂಪಿನಿಂದ ಮೀನಿನ ನಾಂಗ್ ಕೂಗಿದಳು.

ತಿಮೋಯ್ ತಲೆತಗ್ಗಿಸಿದ. “ಅವರೂ ಅವನದೇ. ನಂಗೆ ಈಜು ಬರಲ್ಲ.”

ಮಾರುಕಟ್ಟೆಯ ಕಡೆಯವರು ಒಟ್ಟಾಗಿ ನಿಟ್ಟುಸಿರು ಬಿಟ್ಟರು. ಮಾಯೆಸ್ತ್ರೋ ಕಾಗದದ ಮೇಲೆ ಕೆಂಪು ಗೆರೆ ಎಳೆದರು. “ಇದೆಲ್ಲ ನಿಜ ಇರಲ್ಲ ಅಂತ ನಂಗೆ ನಿನ್ನೇನೇ ಗೊತ್ತಾಯ್ತು. ಒಂದೇ ವಾರದಲ್ಲಿ ಇವನು ಬೇಕರೀಲೂ ಇದ್ದ, ಬಿರುಗಾಳೀಲೂ ಇದ್ದ. ಆದ್ರೆ ಬರೆದಿದ್ದು ಸುಳ್ಳು ಅಂತ ಗೊತ್ತಿದ್ದೂ ಮಾರುಕಟ್ಟೇಲಿ ನಿಂತು ಈಜಿ ತೋರಿಸ್ದ. ಅವತ್ತೊಬ್ಬ ಹಡಗಲ್ಲಿ ಹೋಗಿ ಸುಳ್ಳು ಹೇಳ್ದ. ಇವನು ನೆಲದ ಮೇಲೇ ಹೇಳ್ತಾನೆ. ಹಂದಿ ವಾಪಸ್ ತಗೊಂಡು ಹೋಗಿ.”

ತಿಯಾ ಸಾಲುದ್ ಟೊಪ್ಪಿಗೆಗಳಲ್ಲಿ ಮುಖ ಮುಚ್ಚಿಕೊಂಡಳು. ಎರಡು ವರ್ಷ ಕಾದದ್ದು ಎರಡು ಬಟನ್ನಿಗೆ ಹೋಯಿತಲ್ಲ ಎಂದು ತಿಮೋಯ್‌ಗೆ ಅಳುವೇ ಬಂತು.

“ಎರಡು ಸಾವಿರ ಚಿಲ್ಲರೆ ಲೇಖನ,” ಎಂದಳು ವಿಂದಾ ಕಂಬ ಬಿಟ್ಟು ಮುಂದೆ ಬಂದು. “ಓದು ಅಂದಿದ್ರಲ್ಲ ಮ್ಯಾಡಂ. ಎಷ್ಟು ಓದಿದೆ?”

“ಮೂವತ್ತೊಂದು.”

“ಮನಸಿಟ್ಟು ಓದಿದ್ದು?”

“ಒಂದು. ಐದು ಸಲ.”

“ಯಾವುದು?”

ತಿಮೋಯ್‌ನ ಕಿವಿ ಕೆಂಪಾಯಿತು. “ಹನ್ನೊಂದು ಅಂಕದ್ದು. ಅತ್ಯಂತ ಕಳಪೆ. ಯಂತ್ರ ಅಳಿಸು ಅಂದಿತ್ತು. ನಿನ್ನದು, ಡೇ... ಆ ಪಾಮಲಾಯೆಯದು.”

ವಿಂದಾ ಫೋನು ತೆಗೆದಳು. ನಾಲ್ಕು ದಿನದಿಂದ ಊರೆಲ್ಲ ಅವಳ ಮುಖಕ್ಕೆ ಹಿಡಿದಿದ್ದ ಆ ಸುದ್ದಿಯನ್ನು ಅವಳೂ ತಲೆಬರಹ ದಾಟಿ ಓದಿರಲಿಲ್ಲ. ಯಾಕಾದರೂ ಓದುತ್ತಾಳೆ? ಅವಳು ಗಟ್ಟಿಯಾಗಿ ಓದತೊಡಗಿದಳು.

“‘ಮಾಯೆಸ್ತ್ರೋ ಹಿಲ್ದೋ ಬಾಗಾಯ್ಪೋ ಅವರ ಮಗಳು ಕುಮಾರಿ ರೋಸ್‌ವಿಂದಾ ಅವರ ಪಾಮಲಾಯೆ ನಿನ್ನೆ ನಡೆಯಿತು. ಕುಮಾರಿಯವರು ಹಳದಿ ಉಡುಪು ಧರಿಸಿದ್ದರು. ಹಳದಿ ಎಂದರೆ ಮಾವಿನ ಹಳದಿಯಲ್ಲ, ಅದಕ್ಕಿಂತ ಸ್ವಲ್ಪ ತಿಳಿ. ಅವರು ಎಲ್ಲರಿಗೂ ಶುಂಠಿ ಚಹಾ ಕೊಟ್ಟರು. ನಮ್ಮ ವರದಿಗಾರನ ಬಳಿ ಬಂದು ಊಟವಾಯಿತೇ ಎಂದು ಕೇಳಿದರು. ನಮ್ಮ ವರದಿಗಾರನ ಊಟ ಆಗಿತ್ತು. ಆದರೂ ಇಲ್ಲ ಎಂದನು. ಅವರು ಬಡಿಸಿದರು. ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳಿದರು. ನಮ್ಮ ವರದಿಗಾರನು ಮತ್ತೆ ಇಲ್ಲ ಎಂದನು.’”

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ವಿಂದಾಳ ದನಿ ನಿಧಾನವಾಯಿತು.

“‘ಒಟ್ಟು ನಾಲ್ಕು ಸಲ ಹೀಗಾಯಿತು. ಕುಮಾರಿಯವರು ನಗುವಾಗ ಎಡಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಇದು ಅನಗತ್ಯವೆಂದು ನಮ್ಮ ವರದಿಗಾರನ ನಮ್ರ ಅಭಿಪ್ರಾಯ. ಸಂಜೆ ಮಳೆ ಬರುವಂತಿತ್ತು, ಬರಲಿಲ್ಲ. ಕುಮಾರಿಯವರು ಗೇಟಿನವರೆಗೆ ಬಂದು ಎಲ್ಲರನ್ನೂ ಬೀಳ್ಕೊಟ್ಟರು. ವರ ಶ್ರೀ ತಿಮೋತೆಯೋ ಲುಮಾಪಾಸ್ ಅವರೂ ಹಾಜರಿದ್ದರು.’”

“ಹಾಜರಿದ್ದ!” ಎಂದು ಲೋಲಾ ಬಾಸ್ಯಾ ಕುರ್ಚಿಯಲ್ಲಿ ನೆಟ್ಟಗಾದಳು. “ನಾಲ್ಕು ತಟ್ಟೆ ತಿಂದನಲ್ಲ, ಆ ಕಡ್ಡಿ ಹುಡುಗ! ಎಲ್ಲಿ ತುಂಬಿಸ್ಕೊಳ್ತಾನೆ ಇವನು ಅಂತ ನಾನು ಅವತ್ತೇ ಕೇಳಿದ್ದೆ. ನೀನೇನೋ ಅದು?”

“ನಾನೇ ಲೋಲಾ. ಆಗ ಕೆಲಸಕ್ಕೆ ಸೇರಿ ಎರಡು ವಾರ ಆಗಿತ್ತು.” ತಿಮೋಯ್ ನೆಲ ನೋಡುತ್ತ ಹೇಳಿದ. “ಬೇರೆಯವರಿಗೆ ನಿಶ್ಚಯ ಆದ ಹುಡುಗೀನ ಹಾಗೆ ನೋಡಿದ್ದು ತಪ್ಪು. ನಾಚಿಕೆ ಆಯ್ತು. ಅದಕ್ಕೇ ಯಾರಿಗೂ ಹೇಳ್ಲಿಲ್ಲ.”

ವಿಂದಾ ನಕ್ಕಳು. ಎಡಗೈ ಬಾಯಿಯ ಹತ್ತಿರ ಹೋಯಿತು, ಅರ್ಧದಲ್ಲೇ ನಿಂತಿತು, ಕೆಳಗಿಳಿಯಿತು.

ಮಾಯೆಸ್ತ್ರೋ ಮಗಳ ಕೈಯಿಂದ ಫೋನು ತೆಗೆದುಕೊಂಡು ಕನ್ನಡಕ ಸರಿಪಡಿಸಿ ಪುನಃ ಎಲ್ಲವನ್ನೂ ಓದಿದರು. “ಯಂತ್ರ ಹೇಳಿದ್ದು ಸರಿಯಾಗೇ ಇದೆ,” ಎಂದರು. “ವಿಷಯ ಪಾಮಲಾಯೆ. ಪಾಮಲಾಯೆ ಬಗ್ಗೆ ಒಂದೇ ಸಾಲು. ನಾನೂ ಇಷ್ಟೇ ಅಂಕ ಕೊಡ್ತಿದ್ದೆ.” ಅವರ ಬೆರಳು ಮೇಲಿನ ಸಾಲಿಗೆ ಹೋಗಿ ನಿಂತಿತು. “ಇಲ್ಲಿ ತಾರೀಕು ಈ ಬುಧವಾರ ಅಂತಿದೆ. ಪಾಮಲಾಯೆಗೆ ನಾಲ್ಕು ದಿನ ಮುಂಚೆ ಯಾರು ಬೇಕಾದ್ರೂ ಹೀಗೆ ಬರೀತಾರೆ, ಬೆಣ್ಣೆ ಹಚ್ಚೋಕೆ. ಇದು ನಿಜವಾಗಿ ಬರೆದಿದ್ದು ಯಾವಾಗ?”

“ಒಂಬತ್ತು ವರ್ಷದ ಹಿಂದೆ. ಮೇ ಹದಿನಾಲ್ಕು.”

“ಅಂದ್ರೆ ಇವಳು ನಿನಗೆ ಸಿಗಲ್ಲ ಅಂತ ಗೊತ್ತಿದ್ದಾಗ.”

“ಹೂಂ, ಮಾಯೆಸ್ತ್ರೋ.”

“ಹಾಗಾದ್ರೆ ಆ ತಾರೀಕು ಹಾಕು. ಹಳೇ ತಾರೀಕಿಲ್ಲದೆ ಹೋದ್ರೆ ಇದಕ್ಕೆ ಏನೂ ಬೆಲೆ ಇಲ್ಲ.”

“ಬೇಡಾ!” ಎಂದು ಮ್ಯಾಡಂ ಪುರೀತಾ ಕಿರುಚಿ ಎರಡೂ ಕೈಯಿಂದ ಎದೆಯ ಫೋನನ್ನು ಒತ್ತಿ ಹಿಡಿದರು. “ಮೊದಲನೇ ಸ್ಥಾನ ಹೋಗತ್ತೆ! ಇದೊಂದು ವಾರ ಬಿಡಿ! ಮೂವತ್ತಾರು ವರ್ಷ ಕಾದಿದೀನಿ!”

ವಿಂದಾ ಅವರ ಎದುರು ಬಂದು ನಿಂತಳು. “ನಿನಾಂಗ್, ನಮ್ಮ ಮದುವೆಗೆ ಧರ್ಮತಾಯಿ ನೀವು. ಮದುವೆ ಬೇಕಾ, ಕಿರೀಟ ಬೇಕಾ?”

ಮ್ಯಾಡಂ ಪುರೀತಾ ಆಕಾಶ ನೋಡಿದರು, ಹಂದಿ ನೋಡಿದರು, ವಿಂದಾಳ ಮುಖ ನೋಡಿದರು. ಆ ಮೇಲೆ ಫೋನು ಹೊರತೆಗೆದು, ಕಣ್ಣು ಮುಚ್ಚಿಕೊಂಡು ತಿಮೋಯ್‌ನ ಕೈಗಿಟ್ಟರು. ಇಡೀ ಅಂಗಳ ಅವನ ಬೆರಳನ್ನೇ ನೋಡಿತು.

‘ಹಳೆಯ ತಾರೀಕಿಗೆ ಮರಳಿಸು. ಇದೊಂದನ್ನೇ? ಎಲ್ಲವನ್ನೂ?’

ತಿಮೋಯ್ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ನಿಮಿಷ ಯೋಚಿಸಿದ. ‘ಎಲ್ಲವನ್ನೂ’ ಎಂಬುದನ್ನು ಒತ್ತಿದ. ಅದು ಸರಿಯಾದ ಬಟನ್ನೇ ಆಗಿತ್ತು. ಬಳಿಕ ಅರ್ನುಲ್ಫೋಗೆ ಅವನ ಹೆಸರು, ಹೆಂಡತಿ, ಅವಳಿ ಮಕ್ಕಳು ಮತ್ತು ಹನ್ನೊಂದು ಜನರನ್ನು ಹಿಂದಿರುಗಿಸಿದ. ಕಾಪ್ ವೆನಾನ್ ಸೆಬುವಿಗೆ ಫೋನ್ ಮಾಡಿ, “ಗಂಡನಿಗೆ ಬರೋಕೆ ಹೇಳಮ್ಮ, ಮನೆ ಖಾಲಿಯಾಗಿದೆ,” ಎಂದು ತಿಳಿಸಿ ಪುಸ್ತಕ ಮುಚ್ಚಿದರು. ಮಾಯೆಸ್ತ್ರೋ ಅವರ ಅಪ್ಪಣೆಯಂತೆ ಹಂದಿಯನ್ನು ಕುಯ್ಯಲಾಯಿತು. ತಿಯಾ ಸಾಲುದ್ ಟೊಪ್ಪಿಗೆಗಳನ್ನು ಮಡಿಸಿ ವಿಂದಾಳ ಕೈಗೆ ಕೊಟ್ಟು, “ಆತುರ ಏನಿಲ್ಲ” ಎಂದಳು. ಅವಳ ಮುಖ ನೋಡಿದ ಯಾರೂ ಅದನ್ನು ನಂಬಲಿಲ್ಲ.

ಮ್ಯಾಡಂ ಪುರೀತಾ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಪತನವನ್ನು ಘೋಷಿಸುತ್ತಿದ್ದರು. “ಎರಡನೇದು... ಐದು... ಅಯ್ಯೋ, ಎರಡನೇ ಪುಟ!” ಹಂದಿಯ ಗರಿಗರಿ ಚರ್ಮ ಮುಗಿಯುವ ಹೊತ್ತಿಗೆ ಬುಡ್ಯೊಂಗ್ ತನ್ನ ಹಳೆಯ ಜಾಗವಾದ ಹಲ್ಲಿನ ಡಾಕ್ಟರ ಕೆಳಗೆ ಬಂದು ಕೂತಿತ್ತು. ಅವರು ಮೂಗು ಒರೆಸಿಕೊಂಡು ತಮ್ಮ ಉಪಸಂಪಾದಕನಿಗೆ ಅಪ್ಪಣೆ ಮಾಡಿದರು.

“ಇವತ್ತಿಂದಾದ್ರೂ ಹೊಸದಾಗಿ ಬರಿ! ನಿನ್ನದೇ ಪಾಮಲಾಯೆ! ಇಡೀ ಊರು ಕಾಯ್ತಿದೆ! ಮನಸಿಟ್ಟು ಬರಿ!”

ತಿಮೋಯ್ ಅಲ್ಲೇ ಮೇಜಿನ ಮುಂದೆ ಕೂತು, ಮಾಯೆಸ್ತ್ರೋ ಅವರ ಕೆಂಪು ಪೆನ್ನಿನ ಕಣ್ಗಾವಲಿನಲ್ಲಿ, ಮನಸಿಟ್ಟು ಬರೆದ. ನಡುವೆ ವಿಂದಾ ಎರಡು ಸಲ ಬಂದು ಊಟ ಆಯಿತೇ ಎಂದು ಕೇಳಿದಳು. ಅವನು ಎರಡು ಸಲವೂ ಇಲ್ಲ ಎಂದ.

ಯಂತ್ರ ಆ ಲೇಖನಕ್ಕೆ ನೂರಕ್ಕೆ ಒಂಬತ್ತು ಅಂಕ ಕೊಟ್ಟಿತು. ಷರಾ ಹೀಗಿತ್ತು: ‘ವಿಷಯ ಬಿಟ್ಟು ಎಲ್ಲೆಲ್ಲೋ ಹೋಗಿದೆ. ವರನ ಉಲ್ಲೇಖವೇ ಇಲ್ಲ.’